ನರಸಮ್ಮನ ಕೈಗುಣ

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಬಸುರಿಯ ಹೊಟ್ಟೆ ಮುಟ್ಟಿ ನೋಡಿಯೇ ಮಗುವಿನ ತಲೆ ಎತ್ತ ಹೊರಳಿದೆ, ನಾಡಿ ಹೇಗಿದೆ ಎಂದು ಹೇಳುವುದಕ್ಕೆ ಹೆಸರಾಗಿದ್ದರು. ಯಾವ ಯಂತ್ರವೂ ಇಲ್ಲ, ಬೆರಳುಗಳದೇ ಲೆಕ್ಕಾಚಾರ.

ಶಾಲೆಯ ಮೆಟ್ಟಿಲು ಹತ್ತದ ಅವರಿಗೆ ಅಜ್ಜಿ ಮರಿಗೆಮ್ಮನೇ ಗುರು. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೂ ಕಾಸು ಮುಟ್ಟಲಿಲ್ಲ. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್, 2018ರಲ್ಲಿ ಪದ್ಮಶ್ರೀ ಬಂದವು. ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು.

ಈಗ ಅದೇ ತುಮಕೂರು ಜಿಲ್ಲೆಯ ಗುಬ್ಬಿ, ಕುಣಿಗಲ್ ಕಡೆಯೂ ಹೆರಿಗೆಗೆ ಆಸ್ಪತ್ರೆಯೇ ಗತಿ. ತಾಯಿ ಕಾರ್ಡ್ ಹಿಡಿದ ಬಸುರಿಯ ಬೆನ್ನಿಗೆ ಆಶಾ ಕಾರ್ಯಕರ್ತೆ ಇರುತ್ತಾಳೆ. ಮಾತೃಪೂರ್ಣ ಯೋಜನೆ 2017ರಲ್ಲಿ ಬಂದಮೇಲೆ ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ.

ಹೆರಿಗೆ ನೋವಿನಲ್ಲಿ ಆಪ್ತರೊಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಶಿಫಾರಸು ಮಾಡಿದೆ. ನರಸಮ್ಮ ಆ ಕೆಲಸವನ್ನು ಸುಮಾರು ಎಪ್ಪತ್ತು ವರ್ಷ ಮಾಡಿದ್ದರು.