ಯೋಸೇಫನ ಕಣಜವೂ ಭದ್ರೆಯ ನೀರೂ: ಆದಿಕಾಂಡ 47:13-26ರ ಒಂದು ವಿಮರ್ಶೆ

ಪರಿಸರಕ್ಕೆ ದೊಡ್ಡ ಹಾನಿ ಉಂಟುಮಾಡಿದ ಕಂಪನಿಯನ್ನು ಸರ್ಕಾರವು ವಶಪಡಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಎದ್ದಾಗ, ಪ್ರಸಂಗಿಯ ಕೈಗೆ ಸುಲಭವಾಗಿ ಸಿಗುವ ಸತ್ಯವೇದಭಾಗ ಯೋಸೇಫನ ಚರಿತ್ರೆ. ವಿಪತ್ತು ಬಂತು, ವಿವೇಕಿಯಾದ ಅಧಿಕಾರಿಯೊಬ್ಬನು ಎಲ್ಲವನ್ನೂ ಅರಸನ ಕೈಕೆಳಗೆ ಕೂಡಿಸಿದನು, ಜನರು ಬದುಕಿದರು ಎಂಬುದು ಈ ಓದಿನ ಸಾರ. ಯೋಸೇಫನನ್ನು ಆದರ್ಶ ಆಡಳಿತಗಾರನೆಂದು ನಾವು ಬಹುಕಾಲದಿಂದ ಬೋಧಿಸುತ್ತ ಬಂದಿದ್ದೇವೆ. ಆದರೆ ಆದಿಕಾಂಡದ 47ನೆಯ ಅಧ್ಯಾಯವನ್ನು ಕೊನೆಯವರೆಗೆ ಓದಿದರೆ ಈ ಬೋಧನೆ ನಿಲ್ಲುವುದು ಕಷ್ಟ.

ಪಠ್ಯದ ನಡೆಯನ್ನು ಗಮನಿಸಬೇಕು. ಮೊದಲು ಜನರ ಹಣವೆಲ್ಲ ಫರೋಹನ ಅರಮನೆಗೆ ಸೇರುತ್ತದೆ (ವ. 14). ಹಣ ತೀರಿದ ಬಳಿಕ ಕುದುರೆ, ಕುರಿ, ದನ, ಕತ್ತೆಗಳು ಹೋಗುತ್ತವೆ (ವ. 17). ಆಮೇಲೆ ಹೊಲಗಳು, ಕಡೆಗೆ ಜನರೇ (ವ. 19-20). ಮಾರಾಟವಾದದ್ದು ಏನು? ಸಮೃದ್ಧಿಯ ಏಳು ವರ್ಷಗಳಲ್ಲಿ ಅದೇ ಜನರ ಬೆಳೆಯಿಂದ ಐದರಲ್ಲೊಂದು ಪಾಲಾಗಿ ಎತ್ತಿಟ್ಟಿದ್ದ ಧಾನ್ಯ (41:34). ತಾವು ಬೆಳೆದದ್ದನ್ನೇ ಕೊಂಡುಕೊಳ್ಳುವುದಕ್ಕಾಗಿ ಜನರು ಭೂಮಿಯನ್ನು ಕಳೆದುಕೊಂಡರು. 21ನೆಯ ವಚನದಲ್ಲಿ ಪಾಠಭೇದವೂ ಉಂಟು. ಮಸೋರೆಟಿಕ್ ಪಾಠವು ಯೋಸೇಫನು ಜನರನ್ನು ಪಟ್ಟಣಗಳಿಗೆ ಸಾಗಿಸಿದನೆನ್ನುತ್ತದೆ. ಸಮಾರ್ಯದ ಪಂಚಗ್ರಂಥವೂ ಗ್ರೀಕ್ ಸೆಪ್ತುವಜಿಂತವೂ ಅವರನ್ನು ದಾಸರನ್ನಾಗಿ ಮಾಡಿದನೆನ್ನುತ್ತವೆ. ಯಾವ ಪಾಠವನ್ನು ಹಿಡಿದರೂ, ತಾನು ಉಳುತ್ತಿದ್ದ ನೆಲದ ಮೇಲೆ ರೈತನಿಗಿದ್ದ ಹಿಡಿತ ತಪ್ಪಿತು. ಜೀವ ಉಳಿಸಿದೆಯೆಂದು ಜನರು ಕೃತಜ್ಞತೆ ಹೇಳುವುದು ನಿಜ (ವ. 25). ಆ ಕೃತಜ್ಞತೆಯನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಕೆಲವೇ ಪುಟಗಳ ಆಚೆ, ಯೋಸೇಫನನ್ನು ಅರಿಯದ ಅರಸನೊಬ್ಬನು ಬರುತ್ತಾನೆ. ಯೋಸೇಫನ ವಂಶದವರೇ ಉಗ್ರಾಣದ ಪಟ್ಟಣಗಳನ್ನು ಕಟ್ಟುವ ಬಿಟ್ಟಿಯಾಳುಗಳಾಗುತ್ತಾರೆ (ವಿಮೋಚನಕಾಂಡ 1:8-11). ಆಪತ್ಕಾಲಕ್ಕೆಂದು ಕೂಡಿಸಿದ ಅಧಿಕಾರವು ಆಪತ್ತು ತೀರಿದ ಮೇಲೆ ಹಿಂದಿರುಗಲಿಲ್ಲ. ಒಳ್ಳೆಯ ಅಧಿಕಾರಿ ಹೋದನು, ಅಧಿಕಾರ ಉಳಿಯಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಸೇವೆಮಾಡುವ ಸಭಾಪಾಲಕರಿಗೆ ಇದು ಗ್ರಂಥಾಲಯದ ಚರ್ಚೆಯಲ್ಲ. ಚನ್ನಗಿರಿ, ಹೊನ್ನಾಳಿಗಳ ಗದ್ದೆ ತೋಟಗಳಿಗೆ ಭದ್ರಾ ನಾಲೆಯ ನೀರು ಹರಿಯುತ್ತದೆ. ಕೂಡ್ಲಿಯಲ್ಲಿ ತುಂಗೆಯನ್ನು ಕೂಡಿದ ಭದ್ರೆ, ಹೊನ್ನಾಳಿ, ನ್ಯಾಮತಿಗಳ ನೆಲವನ್ನು ಮುಟ್ಟಿ ಹರಿಹರದತ್ತ ಸಾಗುತ್ತಾಳೆ. ಬರದ ನಾಡಾದ ಜಗಳೂರಿನ ಕೆರೆಗಳು ಅದೇ ನದಿಯಿಂದ ಎತ್ತಿ ತರುವ ನೀರನ್ನು ನಂಬಿವೆ. ಈ ನದಿಯ ಮೇಲ್ಭಾಗದಲ್ಲಿ ಕುದುರೆಮುಖದ ಕಬ್ಬಿಣದ ಅದಿರನ್ನು ಸುಮಾರು ಎರಡೂವರೆ ದಶಕಗಳ ಕಾಲ ಅಗೆದದ್ದು ಯಾರು? 1976ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ಒಡೆತನದ ಕಂಪನಿ. ಗಣಿಯ ಹೂಳು ಭದ್ರೆಗೆ ಸೇರುತ್ತಿದೆಯೆಂದು ದೂರಿದ ಪರಿಸರಪ್ರಿಯರು ಸರ್ಕಾರದ ಎದುರು ಸರ್ಕಾರವನ್ನೇ ಕಂಡರು. ಕಡೆಗೆ ಸರ್ವೋಚ್ಚ ನ್ಯಾಯಾಲಯದ 2002ರ ಆದೇಶದಂತೆ 2005ರ ಅಂತ್ಯಕ್ಕೆ ಗಣಿ ನಿಂತಿತು.

ಎರಡನೆಯ ಉದಾಹರಣೆ ನದಿಯ ಕೆಳಭಾಗದ್ದು. ಹರಿಹರದ ಎದುರು ದಡದ ಕುಮಾರಪಟ್ಟಣದಲ್ಲಿ ಖಾಸಗಿ ಒಡೆತನದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತ್ಯಾಜ್ಯದ ವಿರುದ್ಧ 1980ರ ದಶಕದಲ್ಲಿ ಹೋರಾಟ ನಡೆಯಿತು. ಅದೇ ದಶಕದಲ್ಲಿ, ಆ ಕಾರ್ಖಾನೆಗೆ ನೀಲಗಿರಿ ಮರ ಒದಗಿಸಲು ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆ ಹುಟ್ಟಿತು. ಅದರ 51 ಪಾಲು ರಾಜ್ಯ ಸರ್ಕಾರದ್ದು, 49 ಪಾಲು ಕಾರ್ಖಾನೆಯದು. ನಿಯಂತ್ರಣ ಸರ್ಕಾರದ್ದೇ ಆಗಿದ್ದರೂ ಹಳ್ಳಿಗರು ದನ ಮೇಯಿಸುತ್ತಿದ್ದ ಸುಮಾರು 30,000 ಹೆಕ್ಟೇರ್ ನೆಲವನ್ನು ನೀಲಗಿರಿಗೆ ಗೊತ್ತುಮಾಡಲಾಯಿತು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಸಮಾಜ ಪರಿವರ್ತನ ಸಮುದಾಯದ ಮುಂದಾಳುತನದ ಆ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ ಮತ್ತು ನ್ಯಾಯಾಲಯದ ಹೋರಾಟಗಳ ಫಲವಾಗಿ 1991ರಲ್ಲಿ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. ಕಾಸರಗೋಡಿನ ಎಣ್ಮಕಜೆ, ಪಡ್ರೆಗಳ ಕನ್ನಡಿಗರ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿದದ್ದೂ ಕೇರಳ ಸರ್ಕಾರದ ತೋಟಗಾರಿಕಾ ನಿಗಮವೇ.

ಹಾಗಾದರೆ ಕಂಪನಿಗಳನ್ನು ಅವುಗಳ ಪಾಡಿಗೆ ಬಿಡಬೇಕೆಂದು ಯಾರಾದರೂ ತೀರ್ಮಾನಿಸಿದರೆ ಅದು ಸತ್ಯವೇದಕ್ಕೂ ಅನುಭವಕ್ಕೂ ವಿರುದ್ಧ. 1984ರ ಡಿಸೆಂಬರ್‌ನ ಭೋಪಾಲ ಇದಕ್ಕೆ ಸಾಕ್ಷಿ. ಅಲ್ಲಿ ಸರ್ಕಾರವು ಕಂಪನಿಯನ್ನು ವಶಪಡಿಸಿಕೊಳ್ಳಲಿಲ್ಲ. 1985ರ ಕಾಯ್ದೆಯ ಮೂಲಕ ಸಂತ್ರಸ್ತರ ಪರವಾಗಿ ದಾವೆ ಹೂಡುವ ಹಕ್ಕನ್ನು ವಶಪಡಿಸಿಕೊಂಡಿತು. 1989ರಲ್ಲಿ 47 ಕೋಟಿ ಡಾಲರಿಗೆ ರಾಜಿಯಾಯಿತು. ನೊಂದವರ ಮಾತನ್ನು ಅವರ ಹೆಸರಿನಲ್ಲಿ ಬೇರೆಯವರು ಆಡಿ ಮುಗಿಸಿದರು. ಇದು ಕಂಪನಿಯ ಅಪರಾಧಕ್ಕೆ ಯೋಸೇಫನ ವಿಧಾನವೂ ಕೂಡಿದ ಸಂದರ್ಭ.

ಇಲ್ಲಿ ವಿಮೋಚನಕಾಂಡದ ಒಡಂಬಡಿಕೆಯ ಗ್ರಂಥ ಬೇರೊಂದು ದಾರಿಯನ್ನು ತೋರುತ್ತದೆ. ಎತ್ತು ಹಾಯುವ ಸ್ವಭಾವದ್ದೆಂದು ಎಚ್ಚರಿಸಿದರೂ ಕಟ್ಟಿಹಾಕದ ಯಜಮಾನನು ಸಾವಿಗೆ ಹೊಣೆ (21:29). ಹಚ್ಚಿದ ಬೆಂಕಿ ಪಕ್ಕದವನ ಹೊಲಕ್ಕೆ ಹಬ್ಬಿದರೆ ಹಚ್ಚಿದವನೇ ನಷ್ಟ ತುಂಬಬೇಕು (22:6). ಭಾರತದ ನ್ಯಾಯಾಲಯಗಳು 1986ರ ದೆಹಲಿ ಓಲಿಯಂ ಸೋರಿಕೆಯ ತೀರ್ಪಿನಲ್ಲಿಯೂ ಆನಂತರದ ತೀರ್ಪುಗಳಲ್ಲಿಯೂ ತಲುಪಿದ ತತ್ತ್ವ ಇದಕ್ಕೆ ಹತ್ತಿರವಾದದ್ದು: ಅಪಾಯಕಾರಿ ಉದ್ಯಮ ನಡೆಸುವವನೇ ಹಾನಿಗೆ ಪೂರ್ಣ ಹೊಣೆ. ಈ ನಿಯಮಗಳಲ್ಲಿ ಎತ್ತಾಗಲಿ ಹೊಲವಾಗಲಿ ಅರಸನ ಖಜಾನೆಗೆ ಹೋಗುವುದಿಲ್ಲ. ಪರಿಹಾರವು ನೊಂದ ನೆರೆಯವನಿಗೆ ಸಲ್ಲುತ್ತದೆ. ಜನರ ಹೊಲಗಳನ್ನು ತೆಗೆದುಕೊಂಡು ಅವರನ್ನು ದಾಸರನ್ನಾಗಿಸುವ ಅರಸನ ಕುರಿತು ಸಮುವೇಲನು ಎಚ್ಚರಿಸುವಾಗಲೂ (1 ಸಮುವೇಲ 8) ಐಗುಪ್ತದ ನೆನಪು ಹಿಂದಿದೆ.

ವಶಪಡಿಸಿಕೊಳ್ಳುವಿಕೆಗೆ ಒಂದು ನ್ಯಾಯವಾದ ರೂಪವಿದ್ದರೆ ಅದನ್ನು ನಮ್ಮ ನೆರೆಯಲ್ಲೇ ಕಾಣಬಹುದು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯಲ್ಲೂ, ಬಳಿಕ ಚಿತ್ರದುರ್ಗ, ತುಮಕೂರುಗಳಲ್ಲೂ ಗಣಿಗಾರಿಕೆಯನ್ನು ನಿಲ್ಲಿಸಿತು. ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರ ಏಪ್ರಿಲ್ 18ರ ತೀರ್ಪಿನಲ್ಲಿ ತೀವ್ರ ಅಕ್ರಮದ 'ಸಿ' ವರ್ಗದ ಗುತ್ತಿಗೆಗಳನ್ನು ರದ್ದುಮಾಡಿತು. ಉಳಿದ ಕಂಪನಿಗಳು ಕಂಪನಿಗಳಾಗಿಯೇ ಉಳಿದವು. ಆದರೆ ಅದಿರಿನ ಮಾರಾಟ ಉಸ್ತುವಾರಿ ಸಮಿತಿಯ ಹರಾಜಿಗೆ ಒಳಪಟ್ಟಿತು, ಉತ್ಪಾದನೆಗೆ ಮಿತಿ ಬಂತು, ಹಣದ ಒಂದು ಪಾಲು ನೆಲದ ಪುನಶ್ಚೇತನಕ್ಕೆ ಮೀಸಲಾಯಿತು. ಅಳತೆಯುಳ್ಳ, ಉದ್ದೇಶವುಳ್ಳ ಹಿಡಿತವಿದು. ಆದರೂ ಸಂಗ್ರಹವಾದ ಸಾವಿರಾರು ಕೋಟಿ ರೂಪಾಯಿ ಬಹುಕಾಲ ವೆಚ್ಚವಾಗದೆ ಉಳಿಯಿತೆಂಬುದನ್ನು ಮರೆಯಬಾರದು. ಕಣಜ ತುಂಬಿದ ಮಾತ್ರಕ್ಕೆ ಹಸಿವು ನೀಗುವುದಿಲ್ಲ. ಬೀಗದ ಕೈ ಯಾರಲ್ಲಿದೆಯೆಂಬ ಪ್ರಶ್ನೆ ಇಲ್ಲಿಯೂ ಉಳಿದಿದೆ.

ಆದುದರಿಂದ ಸಭೆಯು ಕೇಳಬೇಕಾದ ಪ್ರಶ್ನೆಗಳು ಮೂರು. ಹಿಡಿತಕ್ಕೆ ಕಾಲಮಿತಿ ಇದೆಯೇ? ಹಣ ಹಾಳಾದ ನೆಲಕ್ಕೂ ನೊಂದವರಿಗೂ ತಲುಪುತ್ತದೆಯೇ? ನದಿಯ ಕೆಳಭಾಗದವರಿಗೆ ಅದರಲ್ಲಿ ಮಾತಿದೆಯೇ? ಈ ಮೂರಕ್ಕೂ ಉತ್ತರವಿಲ್ಲದೆ ಸರ್ಕಾರೀಕರಣವನ್ನು ಬೆಂಬಲಿಸುವುದು ಫರೋಹನ ಹೆಸರನ್ನು ಬದಲಿಸಿದಷ್ಟೇ.

ಕೊನೆಯದಾಗಿ, ನಾವು ಪ್ರಸಂಗಗಳಲ್ಲಿ ದಾಟಿಹೋಗುವ ಒಂದು ವಚನವಿದೆ. ಐಗುಪ್ತದ ಎಲ್ಲ ಹೊಲಗಳೂ ಹೋದಾಗ ಯಾಜಕರ ಹೊಲ ಮಾತ್ರ ಹೋಗಲಿಲ್ಲ, ಏಕೆಂದರೆ ಅವರ ಊಟ ಫರೋಹನಿಂದಲೇ ಬರುತ್ತಿತ್ತು (ವ. 22). ಆ ಯಾಜಕರು ಏನನ್ನಾದರೂ ಹೇಳಿದರೆಂದು ಪಠ್ಯವು ತಿಳಿಸುವುದಿಲ್ಲ. ನಮ್ಮ ಶಾಲೆ, ಆಸ್ಪತ್ರೆ, ಜಮೀನುಗಳು ಸರ್ಕಾರದ ಅನುದಾನವನ್ನೋ ಕಂಪನಿಯ ದೇಣಿಗೆಯನ್ನೋ ನೆಚ್ಚಿರುವಾಗ ನಾವು ಯಾವ ಯಾಜಕರ ಸಾಲಿನಲ್ಲಿ ನಿಂತಿದ್ದೇವೆ? ಹೊನ್ನಾಳಿಯ ದಡದಲ್ಲಿ ದೀಕ್ಷಾಸ್ನಾನಕ್ಕೆ ನೀರು ಮೊಗೆಯುವ ಸಭಾಪಾಲಕನು, ಆ ನೀರು ಎಲ್ಲಿಂದ ಬಂತು, ದಾರಿಯಲ್ಲಿ ಅದಕ್ಕೆ ಏನೇನು ಸೇರಿತು ಎಂದು ವಿಚಾರಿಸುವುದರಿಂದ ಉತ್ತರವನ್ನು ಆರಂಭಿಸಬಹುದು.