ಕೊಬ್ಬರಿ ಅಟ್ಟದ ಕೆಳಗೊಂದು ಮೇಜು

ಹಿತ್ತಲಿನ ಕಚೇರಿಯಲ್ಲಿ ಮೇಜು ಎಷ್ಟೆತ್ತರ ಇರಬೇಕೆಂಬುದು ಈ ವಾರದ ವಿಷಯವಾಗಬೇಕಿತ್ತು. ಆದರೆ ಚಾವಣಿ ಸರಿಯಿಲ್ಲದ ಕೋಣೆಯಲ್ಲಿ ಮಧ್ಯಾಹ್ನ ಎರಡಕ್ಕೆ ಕೂರುವವರೇ ಇರುವುದಿಲ್ಲ, ಮೇಜಿನ ಮಾತು ಆಮೇಲಿನದು. 2020ರಲ್ಲಿ ಮನೆಯಿಂದಲೇ ಕೆಲಸ ಮಾಡುವ ರೂಢಿ ಹಬ್ಬಿದಾಗಿನಿಂದ ಹಿತ್ತಲಿನ ಕೋಣೆಗೆ ಎರಡು ಮಾದರಿಗಳನ್ನು ಹೇಳುತ್ತಾರೆ: ಒಂದು ತಗಡಿನ ಶೀಟಿನ ಶೆಡ್ಡು, ಇನ್ನೊಂದು ಮೂರು ಕಡೆ ಗಾಜಿನ ಪೆಟ್ಟಿಗೆ. ಗಾಜಿನ ಪಂಥದೊಂದಿಗೆ ಈ ಅಂಕಣದ ಜಗಳ ಹಳೆಯದು. ಆ ಪೆಟ್ಟಿಗೆ ಹುಟ್ಟಿದ್ದು ಚಳಿಯ ದೇಶಗಳಲ್ಲಿ, ಬಿಸಿಲನ್ನು ಒಳಗೆ ಹಿಡಿದಿಡುವುದಕ್ಕೆ. ಬರ್ನಾರ್ಡ್ ಶಾ ಇಂಗ್ಲೆಂಡಿನ ತಮ್ಮ ಮನೆಯ ತೋಟದಲ್ಲಿ ಬರೆಯುವುದಕ್ಕೆಂದೇ ಒಂದು ಪುಟ್ಟ ಮರದ ಗುಡಿಸಲು ಇಟ್ಟುಕೊಂಡಿದ್ದರು. ಬಿಸಿಲು ಸರಿದಂತೆ ತಿರುಗಿಸಿಕೊಳ್ಳುವ ಹಾಗೆ ಅದನ್ನು ತಿರುಗಣೆಯ ಮೇಲೆ ನಿಲ್ಲಿಸಿದ್ದರು. ಅಲ್ಲಿ ಅದು ಜಾಣತನ. ಅರಸೀಕೆರೆಯಲ್ಲಿ ಅಂಥ ಗುಡಿಸಲಿದ್ದರೆ ಬಿಸಿಲಿಗೆ ಬೆನ್ನು ಹಾಕಲೆಂದೇ ತಿರುಗಿಸಬೇಕಾದೀತು.

ನಮ್ಮ ಬಿಸಿಲಿನ ಲೆಕ್ಕವೇ ಬೇರೆ. ಅರಸೀಕೆರೆ ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನ ಹೊತ್ತಿಗೆ ಇನ್ನೊಮ್ಮೆ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಡಿಸೆಂಬರಿನಲ್ಲಿ ತೆಂಕಣಕ್ಕೆ ವಾಲಿದಾಗಲೂ ನಡುಹಗಲಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಹಾಗಾಗಿ ತೆಂಕಣ ಗೋಡೆಯಿಂದ ಸೂರು ಮೂರು ಅಡಿ ಚಾಚಿದ್ದರೆ ಆ ಹೊತ್ತಿಗೂ ನಾಲ್ಕು ಅಡಿ ಕೆಳಗಿನವರೆಗೆ ನೆರಳು ಬೀಳುತ್ತದೆ, ಕಿಟಕಿ ಪೂರ್ತಿ ತಪ್ಪಿಸಿಕೊಳ್ಳುತ್ತದೆ. ಬಡಗಣಕ್ಕೆ ಎರಡು ಅಡಿ ಸಾಕು. ಆದರೆ ಸಂಜೆಯ ಓರೆ ಬಿಸಿಲನ್ನು ತಡೆಯುವ ಸೂರು ಯಾವುದೂ ಇಲ್ಲ. ಆದ್ದರಿಂದ ಕೋಣೆಯ ಉದ್ದ ಮೂಡಣ-ಪಡುವಣವಾಗಿರಬೇಕು, ಪಡುವಣ ಗೋಡೆ ಮೋಟಾಗಿರಬೇಕು, ಅಲ್ಲಿ ಕಿಟಕಿ ಇಡಬಾರದು. ದಪ್ಪ ಕಲ್ಲಿನ ಗೋಡೆ ಕಟ್ಟಿದರೆ ಸಾಲದೇ ಎನ್ನುವವರು ಮಾಲೇಕಲ್ಲು ಬೆಟ್ಟದ ಬಂಡೆಯ ಮೇಲೆ ಸಂಜೆ ಅಂಗೈ ಇಟ್ಟು ನೋಡಬೇಕು. ಸೂರ್ಯ ಮುಳುಗಿದ ಮೇಲೂ ಕಲ್ಲು ಕಾವು ಬಿಡುತ್ತಲೇ ಇರುತ್ತದೆ. ಕಲ್ಲಿಗೂ ನೆರಳು ಬೇಕು. ಪಡುವಣದಲ್ಲಿ ಒಂದು ಹೊಂಗೆ ಬೆಳೆಸಿದರೆ ಆಯಿತು.

ಇಷ್ಟಾದರೂ ದೊಡ್ಡ ಬಿಸಿ ಬರುವುದು ಗೋಡೆಯಿಂದಲ್ಲ, ನೆತ್ತಿಯಿಂದ. ಕಾದ ತಗಡು ತನ್ನ ಧಗೆಯನ್ನು ಕೆಳಗೆ ಕೂತವರ ತಲೆಗೇ ಬೀರುತ್ತದೆ. ಫ್ಯಾನು ಗಾಳಿಯನ್ನು ಓಡಾಡಿಸಬಲ್ಲದೇ ಹೊರತು ಆ ಧಗೆಯನ್ನು ತಡೆಯಲಾರದು. ಇದಕ್ಕೆ ಉತ್ತರ ಈ ಸೀಮೆಯ ಹಿತ್ತಲಲ್ಲೇ ಇದೆ: ಕೊಬ್ಬರಿ ಅಟ್ಟ. ತಿಪಟೂರು-ಅರಸೀಕೆರೆ ಕಡೆಯ ಉಂಡೆ ಕೊಬ್ಬರಿ ಬಿಸಿಲಿಗೆ ಹರಡಿ ಒಣಗಿಸುವ ಸರಕಲ್ಲ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನಬೇಕು. ಗಾಳಿಯಾಡದಿದ್ದರೆ ಕಾಯಿ ಕೊಳೆಯುತ್ತದೆ, ವರ್ಷದ ದುಡಿಮೆ ಹೋಗುತ್ತದೆ. ಅದಕ್ಕೇ ಅಟ್ಟದ ಹಾಸಿಗೆ ಹಲಗೆ ಮುಚ್ಚುವುದಿಲ್ಲ, ಬಿದಿರಿನ ಗಳವನ್ನೋ ಅಡಿಕೆ ದಬ್ಬೆಯನ್ನೋ ಸಂದು ಬಿಟ್ಟು ಜೋಡಿಸುತ್ತಾರೆ. ಕೆಳಗಿನ ಗಾಳಿ ಸಂದಿನಲ್ಲಿ ಮೇಲೇರಿ ಹೆಂಚಿನ ಎಡೆಗಳಲ್ಲಿ ಹೊರಬೀಳುತ್ತದೆ. ಒಂದು ವರ್ಷ ಕಾಯಿಯನ್ನು ಕೆಡದಂತೆ ಕಾಯುವ ಈ ಏರ್ಪಾಡು ಎಂಟು ಗಂಟೆ ಮನುಷ್ಯನನ್ನೂ ಕಾಯಬಲ್ಲದು. ಹೆಂಚಿಗೂ ತಲೆಗೂ ನಡುವೆ ಗಾಳಿಯಾಡುವ ಅಟ್ಟವೊಂದಿದ್ದರೆ ಹೆಂಚಿನ ಕಾವು ನೇರವಾಗಿ ಇಳಿಯುವುದಿಲ್ಲ. ಅಟ್ಟದ ತುಂಬ ಕಾಯಿಯೇ ಇದ್ದರೆ ಸಿಪ್ಪೆಯ ನಾರು ಇನ್ನೊಂದು ತಡೆ. ಹಿತ್ತಲಲ್ಲಿ ಹಳೆಯ ಕೊಬ್ಬರಿ ಮನೆ ಇರುವವರು ಅದನ್ನು ಕೆಡವಿ ಶೀಟು ಹೊದಿಸುವುದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ. ಅದರ ಕೆಳಗೇ ಮೇಜು ಹಾಕಬಹುದಲ್ಲ!

ಹಾಗೆ ಮಾಡಿದರೆ ಕತ್ತಲಾಗುತ್ತದೆ ಎಂಬುದು ಮೊದಲ ಆಕ್ಷೇಪ. ಪರದೆಯ ಮುಂದೆ ಕೆಲಸ ಮಾಡುವವರಿಗೆ ಬೇಕಿರುವುದು ಹೆಚ್ಚು ಬೆಳಕಲ್ಲ, ಸಮನಾದ ಬೆಳಕು. ಇದಕ್ಕೆ ಬೇಲೂರಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದಾಗ ಚನ್ನಕೇಶವನ ನವರಂಗ ತೆರೆದ ಮಂಟಪವಾಗಿತ್ತು. ಕಂಬಗಳ ನಡುವೆ ಕಲ್ಲಿನ ಜಾಲಂಧ್ರ ಕೂರಿಸಿದ್ದು ಆಮೇಲೆ, ಎರಡನೇ ವೀರಬಲ್ಲಾಳನ ಕಾಲದಲ್ಲಿ. ಹೊರಗಿನ ಅಂಗಳದ ಬಿಳಿ ಬಿಸಿಲು ಆ ರಂಧ್ರಗಳಲ್ಲಿ ಸೋಸಿ ಒಳಬರುವಷ್ಟರಲ್ಲಿ ಕಣ್ಣು ಕುಕ್ಕುವ ಗುಣ ಕಳೆದುಕೊಂಡಿರುತ್ತದೆ, ಗಾಳಿ ಮಾತ್ರ ನಿಲ್ಲುವುದಿಲ್ಲ. ಅರಸೀಕೆರೆಯದೇ ಈಶ್ವರ ದೇವಾಲಯದ ನಕ್ಷತ್ರಾಕಾರದ ಮುಖಮಂಟಪ ಇಂದಿಗೂ ತೆರೆದೇ ಇದೆ. ಸುತ್ತಲೂ ಕೂರುವ ಕಲ್ಲುಜಗಲಿ, ಅದರ ಮೇಲೆ ಚಾಚಿದ ಸೂರು. ದೇವಸ್ಥಾನ ಕಚೇರಿಯಲ್ಲ, ನಿಜ. ಆದರೆ ನೆರಳು, ಬೆಳಕು, ಗಾಳಿ ಎರಡು ಕಡೆಯೂ ಒಂದೇ ರೀತಿ ನಡೆದುಕೊಳ್ಳುತ್ತವೆ. ಇಟ್ಟಿಗೆಯನ್ನು ಸಂದು ಬಿಟ್ಟು ಪೇರಿಸಿದ ಜಾಲಿ ಗೋಡೆ ಬಳಪದ ಕಲ್ಲಿನ ಜಾಲಂಧ್ರದ ಕೆಲಸವನ್ನೇ ಮಾಡುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಅದನ್ನೇ ನೆಚ್ಚಿ ಕಡಿಮೆ ಖರ್ಚಿನ ಮನೆಗಳನ್ನು ಕಟ್ಟಿದರು. ಜಾಲಿಯನ್ನು ಬಡಗಣಕ್ಕೆ ಇಟ್ಟು, ಅದು ಪರದೆಯ ಹಿಂದೆಯೂ ಬಾರದಂತೆ, ಬೆನ್ನ ಹಿಂದೆಯೂ ಬಾರದಂತೆ ಎಡಮಗ್ಗುಲಿಗೆ ಮಾಡಿಕೊಂಡು ಕೂತರೆ ಕಣ್ಣು ದಣಿಯುವುದು ಕಡಿಮೆ.

ಎರಡನೇ ಆಕ್ಷೇಪ ಖರ್ಚಿನದು. ಶೀಟು ಅಗ್ಗ, ಎರಡು ದಿನದಲ್ಲಿ ಮುಗಿಯುತ್ತದೆ, ಒಪ್ಪೋಣ. ಆದರೆ ಆ ಶೆಡ್ಡಿಗೆ ಬೇಸಗೆಯಲ್ಲಿ ಏಸಿ ಬೇಕು, ಏಸಿಗೆ ಕರೆಂಟು ಬೇಕು. ಮಳೆ ಬಿರುಸಾದರೆ ತಗಡಿನ ಸದ್ದಿಗೆ ಮೀಟಿಂಗಿನಲ್ಲಿ ಎದುರಿನವರ ಮಾತೇ ಕೇಳಿಸದು. ಹೆಂಚಿನ ವಿರುದ್ಧದ ದೂರುಗಳಲ್ಲಿ ಹುರುಳಿದೆ: ಮಂಗ ಕೀಳುತ್ತದೆ, ಇಲಿ ಸೇರುತ್ತದೆ, ಕಸ ಉದುರುತ್ತದೆ. ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಹೆಂಚು ಕೈಯಾಡಿಸಲೇಬೇಕು. ಇಲಿಗೆ, ಕಸಕ್ಕೆ ಅಟ್ಟದ ದಬ್ಬೆಯ ಅಡಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿದರೆ ಗಾಳಿ ತಪ್ಪದೆ ತೊಂದರೆ ತಪ್ಪುತ್ತದೆ. ಒಂದನ್ನು ಮಾತ್ರ ಯಾವ ಜಾಲರಿಯೂ ತಡೆಯದು: ನೆರಳಿನ ಆಸೆಗೆ ತೆಂಗಿನ ಬುಡದಲ್ಲೇ ಕೋಣೆ ಕಟ್ಟಿದರೆ ಬೀಳುವ ಕಾಯಿ ಮತ್ತು ಒಣಗರಿ. ಮರದ ತಲೆ ಹರಡಿರುವಷ್ಟು ಜಾಗ ಬಿಟ್ಟು, ಅದರಾಚೆಗೆ ಪಾಯ ತೆಗೆಯಿರಿ.