ತೋಳಿನ ಮೇಲಿನ ಅಂಕಿಯನ್ನು ಎಷ್ಟು ನಂಬಬಹುದು?

ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ತೂಗುವ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ನಿಗದಿತ ಅವಧಿಗೊಮ್ಮೆ ಅದನ್ನು ಮತ್ತೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕು. ಅನುಮಾನ ಬಂದರೆ ಗೊತ್ತಿರುವ ತೂಕದ ಕಲ್ಲನ್ನು ಇಟ್ಟು ಅಲ್ಲಿಯೇ ತಾಳೆ ನೋಡಬಹುದು. ಈಗ ಮಧುಮೇಹಿಗಳ ತೋಳಿಗೆ ಬರುತ್ತಿರುವ ಇನ್ನೊಂದು ಮಾಪಕದ ವಿಷಯದಲ್ಲಿ ಈ ಅನುಕೂಲ ಇದೆಯೇ? ದಿನದ 24 ಗಂಟೆಯೂ ಗ್ಲೂಕೋಸ್ ಅಳೆಯುವ, ದೇಹಕ್ಕೆ ಅಂಟಿಸಿಕೊಳ್ಳುವ ಸಂವೇದಕವನ್ನು ಈ ಪ್ರಶ್ನೆಯಿಂದ ಪರಿಶೀಲಿಸೋಣ.

ಭಾರತದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಅಂದಾಜು ಮಾಡಿದೆ. ಇನ್‌ಸುಲಿನ್ ತೆಗೆದುಕೊಳ್ಳುವವರಿಗೆ ಈ ಸಂವೇದಕದ ಉಪಯೋಗ ನಿಜಕ್ಕೂ ದೊಡ್ಡದು. ಪದೇ ಪದೇ ಬೆರಳು ಚುಚ್ಚುವುದು ತಪ್ಪುತ್ತದೆ. ನಡುರಾತ್ರಿಯಲ್ಲಿ ಗ್ಲೂಕೋಸ್ ಕುಸಿಯುತ್ತಿದೆಯೇ, ಏರುತ್ತಿದೆಯೇ ಎಂಬುದು ಕಾಣುತ್ತದೆ. ಆದ್ದರಿಂದ ಇಲ್ಲಿ ಎತ್ತುವ ಆಕ್ಷೇಪ ಸಾಧನ ಬೇಡವೆಂದಲ್ಲ. ಅದು ಕೊಡುವ ಅಂಕಿಯನ್ನು ಹೇಗೆ ಓದಬೇಕು, ಅದು ಕೆಟ್ಟಾಗ ಏನಾಗಬೇಕು ಎಂಬ ಎರಡು ಸಂಗತಿಗಳು ಸಾಧನದಷ್ಟು ದೂರ ತಲುಪಿಲ್ಲ ಎಂಬುದೇ ಆಕ್ಷೇಪ.

ಅದು ರಕ್ತವನ್ನು ಅಳೆಯುವುದಿಲ್ಲ

ಕಿಣ್ವ ಲೇಪಿಸಿದ ಇಲೆಕ್ಟ್ರೋಡಿನಿಂದ ಗ್ಲೂಕೋಸ್ ಅಳೆಯುವ ವಿಚಾರವನ್ನು 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಲಯನ್ಸ್ ಮುಂದಿಟ್ಟರು. ಇಂದಿನ ಸಂವೇದಕದಲ್ಲಿ ಸುಮಾರು 5 ಮಿಲಿಮೀಟರ್ ಉದ್ದದ ತೆಳುವಾದ ಎಳೆ ಚರ್ಮದ ಕೆಳಗಿರುತ್ತದೆ. ಅದರ ಮೇಲಿನ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ ಗ್ಲೂಕೋಸನ್ನು ಉತ್ಕರ್ಷಿಸಿದಾಗ ಅತ್ಯಲ್ಪ ವಿದ್ಯುತ್ ಹರಿಯುತ್ತದೆ. ಆ ವಿದ್ಯುತ್ತನ್ನು ಲೆಕ್ಕಾಚಾರದಿಂದ ಗ್ಲೂಕೋಸಿನ ಅಂಕಿಯಾಗಿ ಬದಲಿಸಲಾಗುತ್ತದೆ.

ಗಮನಿಸಿ: ಎಳೆ ಇರುವುದು ಜೀವಕೋಶಗಳ ನಡುವಿನ ದ್ರವದಲ್ಲಿ, ರಕ್ತನಾಳದಲ್ಲಿ ಅಲ್ಲ. ರಕ್ತದ ಗ್ಲೂಕೋಸ್ ಬದಲಾದರೆ ಈ ದ್ರವದಲ್ಲಿ ಅದು ಕಾಣಲು ಸುಮಾರು 5ರಿಂದ 10 ನಿಮಿಷ ಬೇಕು. ಊಟದ ನಂತರ ಅಥವಾ ತೋಟದಲ್ಲಿ ದುಡಿಯುವಾಗ ಗ್ಲೂಕೋಸ್ ಬೇಗ ಬೇಗ ಬದಲಾಗುವುದರಿಂದ ಎರಡು ಅಳತೆಗಳೂ ಸರಿಯಿದ್ದು, ಅಂಕಿಗಳು ಮಾತ್ರ ಬೇರೆಯಾಗಿರಬಹುದು.

ಇದನ್ನು ತರಗತಿಯಲ್ಲಿ ತೋರಿಸುವುದು ಸುಲಭ. ಎರಡು ಉಷ್ಣತಾಮಾಪಕಗಳಲ್ಲಿ ಒಂದರ ಬುರುಡೆಗೆ ಬಟ್ಟೆ ಸುತ್ತಿ, ಎರಡನ್ನೂ ಬೆಚ್ಚಗಿನ ನೀರಿನಲ್ಲಿಡಿ. 15 ಸೆಕೆಂಡಿಗೊಮ್ಮೆ ಅಳತೆ ಬರೆದು ನಕ್ಷೆ ಎಳೆಯಿರಿ. ಬಟ್ಟೆ ಸುತ್ತಿದ್ದು ಹಿಂದೆ ಬಿದ್ದು, ಕೊನೆಗೆ ಇನ್ನೊಂದನ್ನು ಸೇರಿಕೊಳ್ಳುತ್ತದೆ. ಮಾಪಕ ಸುಳ್ಳು ಹೇಳಲಿಲ್ಲ, ತಡವಾಗಿ ಹೇಳಿತು.

ಸರಾಸರಿಯ ಮರೆಯಲ್ಲಿ

ತಯಾರಕರು ನಿಖರತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುತ್ತಾರೆ. ಪ್ರಯೋಗಾಲಯದ ಅಳತೆಗೂ ಸಂವೇದಕದ ಅಳತೆಗೂ ಇರುವ ವ್ಯತ್ಯಾಸವನ್ನು ಶೇಕಡಾವಾರು ತೆಗೆದು ಸರಾಸರಿ ಮಾಡಿದರೆ ಬರುವ ಸಂಖ್ಯೆ ಅದು. ಫ್ರೀಸ್ಟೈಲ್ ಲಿಬ್ರೆ 2 ಸಂವೇದಕಕ್ಕೆ ವಯಸ್ಕರಲ್ಲಿ ಇದು ಶೇ. 9.2. ಕಡಿಮೆಯಿದ್ದಷ್ಟೂ ಒಳ್ಳೆಯದು ಎಂಬುದು ಸರಿ. ಆದರೆ ಸರಾಸರಿ ಏನನ್ನು ಮರೆಮಾಡುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಉದಾಹರಣೆಗೆ ಐದು ಜೋಡಿ ಅಳತೆಗಳಿವೆ ಎನ್ನಿ (ಒಂದು ಡೆಸಿಲೀಟರಿನಲ್ಲಿ ಇಷ್ಟು ಮಿಲಿಗ್ರಾಂ ಎಂಬ ಮಾನದಲ್ಲಿ). ಪ್ರಯೋಗಾಲಯದ ಅಳತೆ 250, 200, 150, 100, 60. ಸಂವೇದಕ ತೋರಿಸಿದ್ದು 250, 180, 150, 90, 78. ವ್ಯತ್ಯಾಸಗಳು ಕ್ರಮವಾಗಿ ಶೇ. 0, 10, 0, 10, 30. ಸರಾಸರಿ ಶೇ. 10. ಕೇಳಲು ಚೆನ್ನಾಗಿದೆ. ಆದರೆ 60 ಇದ್ದಾಗ 78 ತೋರಿಸಿದ ಆ ಒಂದು ಗಳಿಗೆಯಲ್ಲಿ ರೋಗಿಗೆ ತಕ್ಷಣ ಸಕ್ಕರೆ ಬೇಕಿತ್ತು. ಪರದೆ ಮಾತ್ರ ಎಲ್ಲವೂ ಸರಿಯಿದೆ ಎಂದಿತು. 70ಕ್ಕಿಂತ ಕೆಳಗಿನ ಗ್ಲೂಕೋಸ್ ಅಪಾಯದ ಸೂಚನೆ ಎಂಬುದನ್ನು ನೆನಪಿಡಿ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2018ರಲ್ಲಿ ಇಂಥ ಸಂವೇದಕಗಳ ಒಂದು ವರ್ಗಕ್ಕೆ ಮಾನದಂಡ ಗೊತ್ತುಪಡಿಸಿತು. ಅದರಂತೆ ಒಟ್ಟು ಅಳತೆಗಳಲ್ಲಿ ಶೇ. 87ಕ್ಕಿಂತ ಹೆಚ್ಚಿನವು ನಿಜವಾದ ಅಳತೆಯಿಂದ ಶೇ. 20ರ ಒಳಗಿರಬೇಕು. ಅಂದರೆ ನೂರರಲ್ಲಿ ಹತ್ತು ಅಳತೆ ಈ ಮಿತಿಯ ಹೊರಗಿದ್ದರೂ ಸಾಧನ ಉತ್ತೀರ್ಣವೇ. ಹೀಗಿರುವಾಗ ಮೊಬೈಲ್ ಪರದೆ 118 ಎಂದು ಬರಿಯ ಒಂದು ಅಂಕಿ ತೋರಿಸುವುದು ವಿಜ್ಞಾನದ ದೃಷ್ಟಿಯಿಂದ ಅರೆಮಾತು. ಭೌತವಿಜ್ಞಾನದ ಪ್ರಯೋಗದಲ್ಲಿ ದೋಷದ ಮಿತಿ ಬರೆಯದ ವಿದ್ಯಾರ್ಥಿಯ ಅಂಕ ಕಳೆಯುತ್ತೇವೆ. ಸಾವಿರಾರು ರೂಪಾಯಿ ಬೆಲೆಯ ಮಾಪಕಕ್ಕೆ ರಿಯಾಯಿತಿ ಏಕೆ?

ತೆಂಗಿನ ಸೀಮೆಯ ತೋಳು

ಪ್ರಯೋಗಗಳ ಸರಾಸರಿಯಲ್ಲಿ ತೆಂಗಿನ ತೋಟದ ದುಡಿಮೆ ಬೇರೆಯಾಗಿ ಕಾಣುವುದಿಲ್ಲ. ತುರುವೇಕೆರೆಯಲ್ಲಿ ಕಾಯಿ ಸುಲಿಯುವವರ, ಚಿಕ್ಕನಾಯಕನಹಳ್ಳಿಯಲ್ಲಿ ಮೂಟೆ ಹೊರುವವರ ತೋಳು ದಿನವಿಡೀ ಬೆವರುತ್ತದೆ, ಉಜ್ಜುತ್ತದೆ. ಅಂಟು ಸಡಿಲವಾದರೆ ಎಳೆ ಅಲುಗುತ್ತದೆ, ಅಳತೆ ಕೆಡುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದ ಚರ್ಮಕ್ಕೆ ಅಂಟು ಹಿಡಿಯುವುದೇ ಇಲ್ಲ. ಸಾಬೂನಿನಿಂದ ತೊಳೆದು, ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಅಂಟಿಸಬೇಕು. ಆ ತೋಳಿನ ಮೇಲೆ ಒರಗಿ ಮಲಗಿದರೆ ಒತ್ತಡದಿಂದ ಅಂಕಿ ಸುಳ್ಳಾಗಿ ಇಳಿಯುತ್ತದೆ. ಕೆಲವು ಸಂವೇದಕಗಳಲ್ಲಿ ಹೆಚ್ಚು ಪ್ರಮಾಣದ ಸಿ ಜೀವಸತ್ವದ ಮಾತ್ರೆ ಅಂಕಿಯನ್ನು ಏರಿಸುತ್ತದೆ. ಪೆಟ್ಟಿಗೆಯ ಮೇಲೆ ಮುದ್ರಿಸಿದ ಶೇಖರಣೆಯ ಗರಿಷ್ಠ ಉಷ್ಣತೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಪೆಟ್ಟಿಗೆಯಲ್ಲಿ ಬರುವ ಕೊರಿಯರ್ ಈ ಮಿತಿಯನ್ನು ಪಾಲಿಸುತ್ತದೆಯೇ? ಕಿಣ್ವವೂ ಪ್ರೋಟೀನೇ ಎಂಬುದನ್ನು ಜೀವವಿಜ್ಞಾನದ ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತಾಳೆ ನೋಡುವ ಬಗೆ

ಕಾರ್ಖಾನೆಯಲ್ಲೇ ಅಳತೆ ಹೊಂದಿಸಿ ಬರುವ ಅನೇಕ ಸಂವೇದಕಗಳನ್ನು ನಾವು ಮತ್ತೆ ಹೊಂದಿಸಲಾಗದು. ಒಂದು ಲಾಟಿನ ಕೆಲವನ್ನು ಪರೀಕ್ಷಿಸಿ ಉಳಿದವಕ್ಕೂ ಅದೇ ಗುಣಾಂಕ ಕೊಟ್ಟಿರುತ್ತಾರೆ. ಕೆಲವು ಗಿಟುಕನ್ನು ಒಡೆದು ನೋಡಿ ಇಡೀ ರಾಶಿಗೆ ಬೆಲೆ ಕಟ್ಟುವುದು ಇಲ್ಲಿನವರಿಗೆ ಹೊಸದಲ್ಲ. ರಾಶಿಯಲ್ಲೊಂದು ಒಳಗೆ ಬೂಷ್ಟು ಹಿಡಿದಿರಬಹುದೆಂಬುದೂ ಹೊಸದಲ್ಲ.

ಆದ್ದರಿಂದ ಬೆರಳಿನ ರಕ್ತದಿಂದ ಅಳೆಯುವ ಮಾಪಕ ಮನೆಯಲ್ಲಿ ಇರಲೇಬೇಕು. ತಾಳೆ ನೋಡುವುದು ಊಟವಾದ ಕೂಡಲೇ ಅಲ್ಲ, ಅಂಕಿ ಸ್ಥಿರವಾಗಿರುವಾಗ; ಅಂಟಿಸಿದ ಮೊದಲ ದಿನದ ಅಂಕಿಯ ಮೇಲೆ ತೀರ್ಪು ಬೇಡ. ಕೈಯನ್ನು ಸಾಬೂನಿನಿಂದ ತೊಳೆಯಿರಿ. ಎಳನೀರು ಕೆತ್ತಿದ, ಬೆಲ್ಲ ಮುಟ್ಟಿದ ಬೆರಳು ಸುಳ್ಳು ಏರಿಕೆ ತೋರಿಸುತ್ತದೆ. ಒಂದೇ ಹೋಲಿಕೆಯಿಂದ ತೀರ್ಮಾನ ಮಾಡಬೇಡಿ. ನಿಜವಾದ ಅಳತೆ 100, ಬೆರಳಿನ ಮಾಪಕ 88, ಸಂವೇದಕ 110 ಎನ್ನಿ. ಬೆರಳಿನ ಮಾಪಕಕ್ಕೆ 2013ರ ಅಂತಾರಾಷ್ಟ್ರೀಯ ಮಾನಕ ಇಲ್ಲಿ ಶೇ. 15ರ ವ್ಯತ್ಯಾಸ ಒಪ್ಪುತ್ತದೆ. ಎರಡೂ ತಮ್ಮ ಮಿತಿಯೊಳಗಿವೆ. ಆದರೂ ಅವುಗಳ ನಡುವಿನ ವ್ಯತ್ಯಾಸ ಶೇ. 25! ಬೇರೆ ಬೇರೆ ಹೊತ್ತಿನ ಮೂರು ನಾಲ್ಕು ಹೋಲಿಕೆಗಳೂ ಒಂದೇ ದಿಕ್ಕಿಗೆ ವಾಲಿದರೆ ಸಂವೇದಕವನ್ನು ಶಂಕಿಸಬಹುದು. ಮೈ ನಡುಗಿ ಬೆವರುತ್ತಿದ್ದರೆ ಮಾತ್ರ ಅಂಕಿ ಏನೇ ಇರಲಿ, ಬೆರಳಿನ ಪರೀಕ್ಷೆ ಕೂಡಲೇ ಆಗಬೇಕು.

ಬದಲಿ ಕೊಡುವುದೂ ಅಳತೆಯ ಭಾಗ

ಹೊಂದಿಸಲಾಗದ ಮಾಪಕ ಕೆಟ್ಟರೆ ಉಳಿಯುವ ದಾರಿ ಬದಲಿಸುವುದೊಂದೇ. 14 ದಿನ ಬಾಳುವ ಸಂವೇದಕ ವರ್ಷಕ್ಕೆ 26 ಬೇಕು. ಒಂದೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಹಿಡಿದರೆ ವರ್ಷದ ಖರ್ಚು ಲಕ್ಷ ದಾಟುತ್ತದೆ. ಹೀಗಿರುವಾಗ ಐದನೆಯ ದಿನ ಕೆಟ್ಟಿದ್ದಕ್ಕೆ ಬದಲಿ ಸಿಗದಿದ್ದರೆ ಕುಟುಂಬ ಏನು ಮಾಡುತ್ತದೆ? ತಪ್ಪು ತೋರಿಸುವುದನ್ನೇ ಉಳಿದ ಒಂಬತ್ತು ದಿನ ನಂಬುತ್ತದೆ. ಇಲ್ಲಿಯೇ ಅಪಾಯವಿರುವುದು.

ಇದು ಬರಿಯ ಊಹೆಯಲ್ಲ. 2025ರ ನವೆಂಬರಿನಲ್ಲಿ ಅಬಾಟ್ ಕಂಪನಿಯು ತನ್ನ ಲಿಬ್ರೆ 3 ಮತ್ತು 3 ಪ್ಲಸ್ ಸಂವೇದಕಗಳಲ್ಲಿ ಕೆಲವು ಇರುವುದಕ್ಕಿಂತ ಕಡಿಮೆ ಅಂಕಿ ತೋರಿಸುತ್ತವೆಂದು ಪ್ರಕಟಿಸಿತು. ಅಮೆರಿಕದಲ್ಲಿಯೇ ಸುಮಾರು 30 ಲಕ್ಷ ಸಂವೇದಕಗಳು ಇದಕ್ಕೆ ಒಳಪಟ್ಟವು. ಇದಕ್ಕೆ ಸಂಬಂಧಿಸಿರಬಹುದಾದ 7 ಸಾವುಗಳು ಜಗತ್ತಿನಲ್ಲಿ ವರದಿಯಾಗಿದ್ದವು. ಸುಳ್ಳು ಇಳಿಕೆಯನ್ನು ನಂಬಿದವರು ಇನ್‌ಸುಲಿನ್ ಬಿಡುತ್ತಾರೆ, ಇಲ್ಲವೇ ಸಕ್ಕರೆ ತಿನ್ನುತ್ತಾರೆ. ತಮ್ಮ ಸಂವೇದಕ ಆ ಪಟ್ಟಿಯಲ್ಲಿದೆಯೇ ಎಂದು ತಿಳಿಯಲು ಬಳಕೆದಾರರಿಗೆ ಇದ್ದ ದಾರಿ ಅದರ ಕ್ರಮಸಂಖ್ಯೆ.

ನೀವು ಮಾಡಬೇಕಾದದ್ದು ಇಷ್ಟು: ಅವಧಿ ಮುಗಿಯುವವರೆಗೆ ಪೆಟ್ಟಿಗೆ ಎಸೆಯಬೇಡಿ. ಕ್ರಮಸಂಖ್ಯೆ, ಅಂಟಿಸಿದ ದಿನ, ಜೋಡಿ ಅಳತೆಗಳನ್ನು ಹೊತ್ತಿನೊಂದಿಗೆ ಪುಸ್ತಕದಲ್ಲಿ ಬರೆದಿಡಿ. ಕೆಟ್ಟ ಸಂವೇದಕವನ್ನೂ ಕಂಪನಿ ಕೇಳುವವರೆಗೆ ಇಟ್ಟುಕೊಳ್ಳಿ. ಕಂಪನಿಗೆ ದೂರು ಕೊಡುವುದರ ಜೊತೆಗೆ 2015ರಲ್ಲಿ ಆರಂಭವಾದ, ಭಾರತೀಯ ಫಾರ್ಮಕೋಪಿಯ ಆಯೋಗ ನಡೆಸುವ ವೈದ್ಯಕೀಯ ಸಾಧನಗಳ ನಿಗಾ ಕಾರ್ಯಕ್ರಮಕ್ಕೂ ವರದಿ ಮಾಡಿ. ಕಂಪನಿಗೆ ಹೋದ ದೂರಿನಿಂದ ಒಂದು ಬದಲಿ ಸಿಗಬಹುದು. ನಿಗಾ ಕಾರ್ಯಕ್ರಮಕ್ಕೆ ಹೋದ ವರದಿಗಳು ಸೇರಿದರೆ ಇಡೀ ಲಾಟಿನ ದೋಷ ಬೆಳಕಿಗೆ ಬರಬಹುದು.

ಮಾರುವವರಿಂದ ಕೇಳಬೇಕಾದದ್ದೂ ಇದೆ: ಕನ್ನಡದಲ್ಲಿ ಸೂಚನೆ, ಕನ್ನಡದಲ್ಲಿ ಉತ್ತರಿಸುವ ಸಹಾಯವಾಣಿ, ತಾಲ್ಲೂಕು ಕೇಂದ್ರದ ಔಷಧದಂಗಡಿಯಲ್ಲೇ ಬದಲಿ ಸಿಗುವ ಏರ್ಪಾಡು, ಅಂಕಿಯ ಪಕ್ಕದಲ್ಲಿ ದೋಷದ ಮಿತಿ. ಇವು ಬರುವವರೆಗೆ ಶಿಕ್ಷಕರು ಒಂದು ಕೆಲಸ ಮಾಡಬಹುದು. ನಿಮ್ಮ ಶಾಲೆಯಲ್ಲಿ ಇನ್‌ಸುಲಿನ್ ತೆಗೆದುಕೊಳ್ಳುವ ಮಗುವಿದ್ದರೆ, ಪರದೆಯ ಅಂಕಿಯ ಜೊತೆಗೆ ಮಗುವಿನ ಮುಖವನ್ನೂ ನೋಡಿ. ಎರಡೂ ಒಂದೇ ಮಾತು ಹೇಳದಿದ್ದರೆ ಮುಖವನ್ನು ನಂಬಿ ಬೆರಳಿನ ಪರೀಕ್ಷೆ ಮಾಡಿಸಿ.